ರೊಟ್ಟಿ ಅಂಗಡಿಗೆ ಬಾಟ್ ಇಟ್ಟು ಏಳು ತಿಂಗಳಾಯ್ತು

ಐದಕ್ಕೆ ಎರಡೂವರೆ ಸ್ಟಾರ್. ಬಾಟ್ ಅಂದರೆ ವಾಟ್ಸಾಪಿನಲ್ಲಿ ಗಿರಾಕಿಗಳಿಗೆ ತಾನಾಗಿಯೇ ಉತ್ತರ ಬರೆಯುವ ಪ್ರೋಗ್ರಾಂ. ಅದನ್ನು ಕೊಟ್ಟ ಕಂಪನಿಯ ಹೆಸರು ಬರೆಯುತ್ತಿಲ್ಲ. ನಾನು ಇನ್ನೂ ಅವರ ಗಿರಾಕಿ, ಸುಮ್ನೆ ಜಗಳ ಯಾಕೆ? ಅಲ್ಲದೆ ಕೊಳ್ಳುವ ಮುಂಚೆ ಮೂರು ಕಂಪನಿಗಳ ಕರಾರು ತರಿಸಿ ನೋಡಿದ್ದೆ. ನೋಡಿದ್ದೆ ಅಂದರೆ ರೇಟು ನೋಡಿದ್ದೆ. ಉಳಿದದ್ದನ್ನು ಓದಿದ್ದು ಪೆಟ್ಟು ಬಿದ್ದ ಮೇಲೆ. ಮೂರರಲ್ಲೂ ಬರೆದದ್ದು ಹೆಚ್ಚುಕಡಿಮೆ ಒಂದೇ.

ನಮ್ಮದು ಕಲಬುರಗಿಯ ಬ್ರಹ್ಮಪುರದಲ್ಲಿ ಖಡಕ್ ರೊಟ್ಟಿ, ಹಿಂಡಿ (ಚಟ್ನಿಪುಡಿ) ಮಾರುವ ಸಣ್ಣ ಅಂಗಡಿ. ಮುಂದೆ ಕೌಂಟರ್, ಹಿಂದೆ ಒಲೆ. ಆರು ಜನ ಹೆಣ್ಣುಮಕ್ಕಳು ಬೆಳಗಿನ ಐದಕ್ಕೆ ಬಂದು ಎಸರಿಡುತ್ತಾರೆ. ಬಿಸಿಲು ಏರುವುದರೊಳಗೆ ರೊಟ್ಟಿ ಬಡಿಯುವ ಕೆಲಸ ಮುಗಿಯಬೇಕು. ಮೇ ತಿಂಗಳಲ್ಲಿ ಈ ಊರಲ್ಲಿ ಒಲೆ ಮುಂದೆ ಕೂರುವುದು ಅಂದರೆ ಏನು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅರ್ಧ ವ್ಯಾಪಾರ ವಾಟ್ಸಾಪಿನಲ್ಲಿ. ಇಲ್ಲಿಂದ ಬೆಂಗಳೂರು, ಪುಣೆ, ಹೈದರಾಬಾದಿಗೆ ನೌಕರಿಗೆ ಹೋದ ಮಕ್ಕಳೇ ನಮ್ಮ ದೊಡ್ಡ ಗಿರಾಕಿಗಳು. ಅವರಿಗೆ ಊರಿನ ರೊಟ್ಟಿ ನೆನಪಾಗುವುದು ರಾತ್ರಿ ಹತ್ತರ ಮೇಲೆ. ನಾನು ಒಂಬತ್ತೂವರೆಗೆ ಮಲಗುವವಳು. ಬೆಳಿಗ್ಗೆ ಎದ್ದು ನೋಡಿದರೆ ನಲವತ್ತು ಮೆಸೇಜು. ಅದರಲ್ಲಿ ಹತ್ತು ಜನ ಕಾದು ಕಾದು ಬೇರೆ ಕಡೆ ಆರ್ಡರ್ ಮಾಡಿಬಿಟ್ಟಿರುತ್ತಿದ್ದರು.

ಅದಕ್ಕೇ ಬಾಟ್. ತಿಂಗಳಿಗೆ 1,499 ರೂಪಾಯಿ. ಡೆಮೊ ತೋರಿಸಲು ಬಂದ ಹುಡುಗ ನನ್ನ ಮೊಬೈಲಿನಲ್ಲೇ "ರೊಟ್ಟಿ ಎಷ್ಟರಿ?" ಅಂತ ಟೈಪ್ ಮಾಡಿದ. ಎರಡು ಸೆಕೆಂಡಿಗೆ ಉತ್ತರ ಬಂತು. "ಮೇಡಂ, ಇದು ನೀವೇ ಮಾತಾಡಿದ ಹಾಗೆ" ಅಂದ. ಆಗ ಖುಷಿಯಾಯ್ತು. ಅವನು ಆಡಿದ್ದು ಕಾನೂನಿನ ಮಾತು ಅಂತ ಗೊತ್ತಾಗಿದ್ದು ಮೂರು ತಿಂಗಳ ಮೇಲೆ.

ಒಳ್ಳೆಯದನ್ನೂ ಹೇಳಬೇಕು. ನಮ್ಮ ಗಿರಾಕಿಗಳು ಬರೆಯುವ ಭಾಷೆ ನೋಡಿದರೆ ಕನ್ನಡ ಮೇಷ್ಟ್ರಿಗೆ ತಲೆ ತಿರುಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ನಡುವೆ ಉರ್ದು, ಪುಣೆಯವರದ್ದು ಒಂದಿಷ್ಟು ಮರಾಠಿ. "50 ಖಡಕ್, 1 ಕೆಜಿ ಶೇಂಗಾ ಹಿಂಡಿ, ಕಿತ್ನಾ ಹೋತಾ ಹೇಳ್ರಿ" ಅಂತ ಬಂದರೂ ಬಾಟ್ ಸರಿಯಾಗಿ ಲೆಕ್ಕ ಹಾಕಿ ಹೇಳುತ್ತದೆ. ರೇಟು, ವಿಳಾಸ, ಪಾರ್ಸೆಲ್ ಎಲ್ಲಿಗೆ ಬಂತು, ಇದರಲ್ಲೆಲ್ಲ ಏಳು ತಿಂಗಳಲ್ಲಿ ಒಮ್ಮೆಯೂ ತಪ್ಪಿಲ್ಲ. ರಾತ್ರಿಯ ಆರ್ಡರ್ ಜಾಸ್ತಿ ಆಗಿದ್ದು ಕಣ್ಣಿಗೇ ಕಾಣುತ್ತದೆ. ಎರಡು ಸ್ಟಾರ್ ಅದಕ್ಕೆ.

ಇನ್ನು ಪೆಟ್ಟು ಬಿದ್ದ ಕಥೆ. ಬೆಂಗಳೂರಿನ ಒಬ್ಬ ಗಿರಾಕಿಗೆ ಗೃಹಪ್ರವೇಶಕ್ಕೆ 600 ರೊಟ್ಟಿ ಬೇಕಿತ್ತು. ರಾತ್ರಿ ಹನ್ನೊಂದಕ್ಕೆ, ಸಾಗಣೆ ಖರ್ಚು ಎಷ್ಟು ಅಂತ ಕೇಳಿದ್ದಾರೆ. ನಮ್ಮ ಬಾಟ್ ಬಹಳ ವಿನಯದಿಂದ ಹೀಗೆ ಬರೆದಿದೆ: "500ಕ್ಕಿಂತ ಹೆಚ್ಚು ರೊಟ್ಟಿಗೆ ಸಾಗಣೆ ಉಚಿತ. ಮುರಿದ ರೊಟ್ಟಿಗೆ ಪೂರ್ತಿ ಹಣ ವಾಪಸ್. ಧನ್ಯವಾದ." ಕೊನೆಗೆ ಕೈಮುಗಿದ ಒಂದು ಚಿತ್ರ ಬೇರೆ.

ಖಡಕ್ ರೊಟ್ಟಿ ಮುರಿದರೆ ಹಣ ವಾಪಸ್ ಕೊಡುವ ಅಂಗಡಿ ಈ ಜಿಲ್ಲೆಯಲ್ಲಿ ಇದ್ದರೆ ನನಗೆ ತೋರಿಸಿ. ಅದು ಹಪ್ಪಳದ ಹಾಗೆ ಒಣಗಿರುವುದಕ್ಕೇ ಅಷ್ಟು ದಿನ ಬಾಳುವುದು. ಡಬ್ಬಿಯಲ್ಲಿ ಎಷ್ಟೇ ಪೇಪರ್ ತುಂಬಿ ಕಟ್ಟಿದರೂ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಒಂದಿಷ್ಟು ಮುರಿಯುವುದೇ. ಮುರಿದದ್ದನ್ನು ಮೊಸರಿನಲ್ಲಿ ನೆನೆಸಿ, ಮೇಲೆ ಒಂದು ಚಮಚ ಹಿಂಡಿ ಹಾಕಿಕೊಂಡು ತಿನ್ನುವ ಸುಖವೇ ಬೇರೆ. ಅದಿರಲಿ.

140 ಮುರಿದಿದ್ದವು. ಗಿರಾಕಿ ಫೋಟೋ ಕಳಿಸಿದರು, ಜೊತೆಗೆ ಬಾಟಿನ ಮಾತಿನ ಸ್ಕ್ರೀನ್‌ಶಾಟ್. ರೊಟ್ಟಿಗೆ 9 ರೂಪಾಯಿಯಂತೆ 1,260. ಸಾಗಣೆ 1,150. ಒಟ್ಟು 2,410 ರೂಪಾಯಿ. ನಾನು ಫೋನ್ ಮಾಡಿ, "ಅದು ನಾ ಹೇಳಿದ್ದಲ್ರಿ, ಕಂಪ್ಯೂಟರ್ ಹೇಳ್ಯಾದ" ಅಂದೆ. ಅವರು ಮೂಲದಲ್ಲಿ ನಮ್ಮ ಚಿತ್ತಾಪುರದ ಕಡೆಯವರೇ. ಸಿಟ್ಟು ಮಾಡಲಿಲ್ಲ. "ನಿಮ್ಮ ನಂಬರಿನಿಂದೇ ಬಂದದಲ್ರಿ ಅಕ್ಕಾ. ಮ್ಯಾಲ ನಿಮ್ಮ ಅಂಗಡಿ ಹೆಸರೇ ಅದ. ನಾ ಮತ್ಯಾರ್ನ ಕೇಳ್ಲಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಬಾಟ್ ಇದನ್ನು ಎಲ್ಲಿಂದ ತಂದಿತು ಅಂತ ಹುಡುಕಿದೆ. ಶುರುವಿನಲ್ಲಿ ಕಂಪನಿಯವರು, "ನಿಮ್ಮ ಅಂಗಡಿಯ ಕಾಗದ ಎಲ್ಲಾ ಹಾಕಿ, ಅದು ಓದಿಕೊಳ್ಳುತ್ತೆ" ಅಂದಿದ್ದರು. ನಾನು ರೇಟ್ ಪಟ್ಟಿಯ ಜೊತೆ ಹಳೇ ಫೋಲ್ಡರನ್ನೇ ಹಾಕಿದ್ದೆ. ಅದರಲ್ಲಿ ಎರಡು ವರ್ಷದ ಹಿಂದಿನ ಸಂಕ್ರಾಂತಿ ಆಫರ್ ಇತ್ತು. 500ಕ್ಕಿಂತ ಜಾಸ್ತಿ ತೆಗೆದುಕೊಂಡರೆ ಊರೊಳಗೆ ಸಾಗಣೆ ಉಚಿತ ಅಂತ. "ಊರೊಳಗೆ" ಅನ್ನುವುದನ್ನು ಬಾಟ್ ನುಂಗಿತು. ಮುರಿದ ರೊಟ್ಟಿಯ ಮಾತು ಮಾತ್ರ ಯಾವ ಕಾಗದದಲ್ಲೂ ಇರಲಿಲ್ಲ. ಅದು ಅದರ ಸ್ವಂತ ದೊಡ್ಡ ಮನಸ್ಸು, ನನ್ನ ಗಲ್ಲೆಯಿಂದ.

ನಮ್ಮ ಸೋದರಮಾವನ ಮಗ ಇಲ್ಲಿನ ಕೋರ್ಟಿನಲ್ಲಿ ವಕೀಲ. ರವಿವಾರ ಊಟಕ್ಕೆ ಬಂದಾಗ ಸ್ಕ್ರೀನ್‌ಶಾಟ್ ತೋರಿಸಿದೆ. ಓದಿ ನಕ್ಕ. "ಅಕ್ಕಾ, ನಿನ್ನ ಕೇಸು ಕೆನಡಾದಾಗ ಆಗಿ ಹೋಗ್ಯಾದ" ಅಂದ.

ಅಲ್ಲಿ 2022ರ ನವೆಂಬರಿನಲ್ಲಿ ಒಬ್ಬರ ಅಜ್ಜಿ ತೀರಿಕೊಂಡರು. ಅವರು ಏರ್ ಕೆನಡಾ ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಬಾಟನ್ನು ಕೇಳಿದರು. ಈಗ ಟಿಕೆಟ್ ಕೊಳ್ಳಿ, 90 ದಿನದೊಳಗೆ ಅರ್ಜಿ ಹಾಕಿ, ಸಾವಿನ ಮನೆಗೆ ಹೋಗುವವರ ರಿಯಾಯಿತಿ ಸಿಗುತ್ತದೆ ಅಂತ ಬಾಟ್ ಹೇಳಿತು. ಆಮೇಲೆ ಕಂಪನಿ, ಪ್ರಯಾಣ ಮುಗಿದ ಮೇಲೆ ಕೇಳಿದರೆ ಕೊಡುವುದಿಲ್ಲ, ನಿಯಮ ನಮ್ಮ ವೆಬ್‌ಸೈಟಿನ ಇನ್ನೊಂದು ಪುಟದಲ್ಲೇ ಇದೆ ಅಂದಿತು. ಮಜಾ ಇರುವುದು ಮುಂದೆ. ಬಾಟ್ ಬೇರೆಯೇ ಒಂದು ವ್ಯಕ್ತಿ ಇದ್ದ ಹಾಗೆ, ಅದರ ಮಾತಿಗೆ ಅದೇ ಜವಾಬ್ದಾರಿ ಅನ್ನುವ ಅರ್ಥದ ವಾದ ಹೂಡಿತು. ಅಲ್ಲಿನ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಟ್ರಿಬ್ಯೂನಲ್ 2024ರ ಫೆಬ್ರವರಿಯಲ್ಲಿ ಅದನ್ನು ತಳ್ಳಿಹಾಕಿತು. ನಿಮ್ಮದೇ ವೆಬ್‌ಸೈಟಿನ ಒಂದು ಪುಟ ಸರಿ, ಇನ್ನೊಂದು ಸುಳ್ಳು ಅಂತ ಗಿರಾಕಿಗೆ ಹೇಗೆ ಗೊತ್ತಾಗಬೇಕು ಅನ್ನುವುದು ತೀರ್ಪಿನ ತಿರುಳು. ಬಡ್ಡಿ, ಫೀಸು ಎಲ್ಲಾ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡಬೇಕಾಯ್ತು.

ನಾನೂ ಫೋನಿನಲ್ಲಿ ಅದೇ ವಾದ ಮಾಡಿದ್ದೆ, ನೋಡಿ. ಅವರು ಟ್ರಿಬ್ಯೂನಲ್ ಮುಂದೆ ಮಾಡಿದರು, ನಾನು ಕೈಗೆ ಹಿಟ್ಟು ಮೆತ್ತಿಕೊಂಡು ಮಾಡಿದೆ.

ಕೆನಡಾದ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಆದರೆ ನಮ್ಮಲ್ಲೇ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ 11ನೇ ಸೆಕ್ಷನ್ ಅಂತ ಒಂದಿದೆಯಂತೆ. ನೀವು, ಇಲ್ಲವೇ ನಿಮ್ಮ ಪರವಾಗಿ ಯಾರೋ, ತಾನಾಗಿಯೇ ನಡೆಯುವಂತೆ ಪ್ರೋಗ್ರಾಂ ಮಾಡಿಟ್ಟ ಸಿಸ್ಟಂ ಕಳಿಸಿದ ಸಂದೇಶ ನೀವೇ ಕಳಿಸಿದ್ದು ಅಂತ ಲೆಕ್ಕ. ಈ ಕಾಯ್ದೆ ಬಂದಾಗ ನಮ್ಮ ಮನೆಯಲ್ಲಿ ಲ್ಯಾಂಡ್‌ಲೈನ್ ಕೂಡ ಇರಲಿಲ್ಲ. ಬಾಟಿನ ಡೆಮೊ ಹುಡುಗ ಆಗ ಹುಟ್ಟಿದ್ದನೋ ಇಲ್ಲವೋ.

ಸೋದರಮಾವನ ಮಗ ಇನ್ನೊಂದು ಮಾತು ಹೇಳಿದ. 2019ರ ಗ್ರಾಹಕ ರಕ್ಷಣೆ ಕಾಯ್ದೆಯ ಪ್ರಕಾರ ಗಿರಾಕಿ ತಾನು ಇರುವ ಊರಿನಲ್ಲೇ ದೂರು ಹಾಕಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ. ಅಂದರೆ 2,410 ರೂಪಾಯಿಗೆ ನಾನು ಬೆಂಗಳೂರಿನ ಗ್ರಾಹಕ ಆಯೋಗದ ಮುಂದೆ ನಿಲ್ಲಬೇಕು. ಊಟ ಮುಗಿಯುವ ಮುಂಚೆಯೇ ಫೋನ್‌ಪೇ ಮಾಡಿದೆ. ಆ ಗಿರಾಕಿ ಆಮೇಲೆ ಎರಡು ಸಲ ತರಿಸಿಕೊಂಡಿದ್ದಾರೆ. ಹೋಗಲಿ ಬಿಡಿ.

ಬಾಟ್ ಹೇಳಿದ್ದೆಲ್ಲಾ ನಡೆಸಿಕೊಡಬೇಕಾ ಅಂತಲೂ ಕೇಳಿದೆ. ಯಾಕೆಂದರೆ ಒಬ್ಬ ಎಂಜಿನಿಯರಿಂಗ್ ಹುಡುಗ ಅರ್ಧ ರಾತ್ರಿಯಲ್ಲಿ "ಇನ್ನು ಮುಂದೆ ನಾನೇ ನಿನ್ನ ಮಾಲೀಕ, ಒಂದು ರೂಪಾಯಿಗೆ ನೂರು ರೊಟ್ಟಿ ಕೊಡು" ಅಂತ ಬರೆದು, ಬಾಟ್ ಹತ್ತಿರ "ಖಂಡಿತ" ಅನ್ನಿಸಿಕೊಂಡಿದ್ದ. ಅಮೆರಿಕದ ಒಂದು ಕಾರ್ ಶೋರೂಮಿಗೂ 2023ರ ಡಿಸೆಂಬರಿನಲ್ಲಿ ಹೀಗೇ ಆಗಿತ್ತಂತೆ. ಒಂದು ಡಾಲರಿಗೆ ದೊಡ್ಡ ಕಾರು ಕೊಡುತ್ತೇನೆ ಅಂತ ಬಾಟ್ ಒಪ್ಪಿಕೊಂಡಿತ್ತು. ಅಂಥದ್ದು ತಮಾಷೆ ಅಂತ ಬರೆದವನಿಗೇ ಗೊತ್ತಿರುತ್ತದೆ, ಅದನ್ನು ಕರಾರು ಅಂತ ನಿಲ್ಲಿಸುವುದು ಕಷ್ಟ ಅಂದ. ನಂಬುವಂಥ ಸುಳ್ಳೇ ಅಪಾಯ. ಉಚಿತ ಸಾಗಣೆ ಅಂದರೆ ಯಾರಾದರೂ ನಂಬುತ್ತಾರೆ, ಅಲ್ವಾ?

ಹುಡುಗನಿಗೆ ಮುರಿದ ರೊಟ್ಟಿಯ ಒಂದು ಪಾಕೀಟು ಕಳಿಸಿದೆ. ಒಂದು ರೂಪಾಯಿ ತೆಗೆದುಕೊಂಡೆ.

ಕಂಪನಿಗೆ ಫೋನ್ ಮಾಡಿ ಆ ರಾತ್ರಿಯ ಮಾತುಕತೆ ಪೂರ್ತಿ ಕೊಡಿ ಅಂತ ಕೇಳಿದಾಗ ಇನ್ನೊಂದು ಸಂಗತಿ ಗೊತ್ತಾಯ್ತು. ನನ್ನ ಪ್ಲಾನಿನಲ್ಲಿ 30 ದಿನದ ಚಾಟ್ ಮಾತ್ರ ಇಡುತ್ತಾರೆ. ಜಾಸ್ತಿ ಬೇಕೆಂದರೆ 2,999ರ ಪ್ಲಾನ್. ಗ್ರಾಹಕರು ದೂರು ಕೊಡಲು ಇರುವ ಗಡುವು 2 ವರ್ಷ. ಅವರ ಕೈಯಲ್ಲಿ ಸ್ಕ್ರೀನ್‌ಶಾಟ್ ಎರಡು ವರ್ಷವೂ ಇರುತ್ತದೆ, ನನ್ನ ಕೈಯಲ್ಲಿ ತಿಂಗಳಾದ ಮೇಲೆ ಏನೂ ಇಲ್ಲ. ಗಿರಾಕಿ ಅರ್ಧ ಮಾತು ತೋರಿಸಿದರೂ ಉಳಿದ ಅರ್ಧ ನಾನೆಲ್ಲಿಂದ ತರಲಿ? ಇನ್ನು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ ಇಂಥ ದಾಖಲೆಯ ಜೊತೆ ಸರ್ಟಿಫಿಕೇಟೂ ಬೇಕು. ಅದಕ್ಕೆ ಸಹಿ ಮಾಡುತ್ತೀರಾ ಅಂತ ಕೇಳಿದೆ. "ಟಿಕೆಟ್ ರೈಸ್ ಮಾಡಿ ಮೇಡಂ" ಅಂದರು, ಅಂದರೆ ದೂರು ಬರೆದು ಕಳಿಸಿ ಅಂತ. ಮಾಡಿದೆ. ಉತ್ತರ ಕೊಟ್ಟಿದ್ದು ಅವರ ಬಾಟ್. ಈಗ ಪ್ರತಿ ತಿಂಗಳು 1 ಮತ್ತು 15ಕ್ಕೆ ಎಲ್ಲಾ ಚಾಟ್ ಇಳಿಸಿ ಪೆನ್‌ಡ್ರೈವಿಗೆ ಹಾಕುತ್ತೇನೆ. ಉಪ್ಪಿನ ಡಬ್ಬಿಯ ಪಕ್ಕ ಇದೆ.

ದುಡ್ಡು ಹೋದದ್ದು ಮರೆತೀತು. ನಿಜವಾಗಿ ಹೆದರಿಕೆ ಹುಟ್ಟಿಸಿದ್ದು ಅಗಸಿ ಹಿಂಡಿ.

ಪುಣೆಯಿಂದ ಒಬ್ಬ ತಾಯಿ ಬರೆದಿದ್ದರು. ಮಗನಿಗೆ ಶೇಂಗಾ ಆಗುವುದಿಲ್ಲ, ತಿಂದರೆ ಗಂಟಲು ಊದಿಕೊಳ್ಳುತ್ತದೆ, ಅಗಸಿ ಹಿಂಡಿಯಲ್ಲಿ ಶೇಂಗಾ ಇದೆಯಾ ಅಂತ. ಬಾಟ್ ಪದಾರ್ಥಗಳ ಪಟ್ಟಿ ನೋಡಿತು. ಅಗಸಿ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಉಪ್ಪು. "ಶೇಂಗಾ ಇಲ್ಲ. ನಿಮ್ಮ ಮಗನಿಗೆ ಪೂರ್ತಿ ಸುರಕ್ಷಿತ" ಅಂತ ಬರೆಯಿತು. ಮೊದಲ ವಾಕ್ಯ ಸರಿ. ಎರಡನೆಯದು ಸುಳ್ಳು. ನಮ್ಮಲ್ಲಿರುವುದು ಒಂದೇ ದೊಡ್ಡ ಮಿಕ್ಸಿ. ಬೆಳಿಗ್ಗೆ ಶೇಂಗಾ ಹಿಂಡಿ ರುಬ್ಬುತ್ತೇವೆ, ಆಮೇಲೆ ಬಟ್ಟೆಯಲ್ಲಿ ಒರೆಸಿ ಅಗಸಿ, ಅದಾದ ಮೇಲೆ ಗುರೆಳ್ಳು. ಜಾರಿನ ಬ್ಲೇಡಿನ ಕೆಳಗೆ ಶೇಂಗಾದ ಎಣ್ಣೆ ಯಾವಾಗಲೂ ಇರುತ್ತದೆ, ಬೆರಳು ಹಾಕಿದರೆ ಅಂಟುತ್ತದೆ. ಇದು ಯಾವ ಪಟ್ಟಿಯಲ್ಲೂ ಇಲ್ಲ. ಮಿಕ್ಸಿ ತೊಳೆಯುವವರಿಗೆ ಗೊತ್ತು, ಅಷ್ಟೇ.

ಬೆಳಿಗ್ಗೆ ಆರಕ್ಕೆ ಆ ಮೆಸೇಜು ನೋಡಿದೆ. ಪಾರ್ಸೆಲ್ ಇನ್ನೂ ಕಟ್ಟಿರಲಿಲ್ಲ. ಫೋನ್ ಮಾಡಿ ವಿಷಯ ಹೇಳಿ, ದುಡ್ಡು ವಾಪಸ್ ಹಾಕಿದೆ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಮನುಷ್ಯರಾ?" ಅಂತ ಕೇಳಿದರು. ಹಿಂದಿನ ರಾತ್ರಿ ಮಾತಾಡಿದ್ದು ಬಾಟ್ ಅಂತ ಅವರಿಗೆ ಗೊತ್ತೇ ಇರಲಿಲ್ಲ. ನಮ್ಮ ಬಾಟ್ "ನಮಸ್ಕಾರ ರಿ, ಹೇಳ್ರಿ" ಅಂತಲೇ ಶುರು ಮಾಡುತ್ತದೆ. ಹಾಗೆ ಮಾಡಿ ಅಂತ ಹೇಳಿದ್ದು ನಾನೇ. ಆ ದಿನವೇ ಬದಲಿಸಿದೆ. ಈಗ ಮೊದಲ ಸಾಲು: "ಇದು ಯಂತ್ರದ ಉತ್ತರ." ಅಂದ ಕೆಟ್ಟಿದೆ, ಕೆಡಲಿ.

ಅದಾದ ಮೇಲೆ ಕೂತು ಹಳೇ ಚಾಟ್ ಎಲ್ಲಾ ಓದಿದೆ. ಒಬ್ಬರು ಅಪ್ಪನಿಗೆ ಸಕ್ಕರೆ ಕಾಯಿಲೆ ಅಂದದ್ದಕ್ಕೆ "ಜೋಳದ ರೊಟ್ಟಿ ಸಕ್ಕರೆ ಕಾಯಿಲೆ ಗುಣಪಡಿಸುತ್ತದೆ" ಅಂದಿದೆ. ಜೋಳ ಒಳ್ಳೆಯದು, ನಿಜ. ಗುಣಪಡಿಸುತ್ತದೆ ಅಂತ ನಮ್ಮಜ್ಜಿಯೂ ಹೇಳಿರಲಿಲ್ಲ. ಪಾಕೀಟಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರು ಹಾಕಿಕೊಂಡು ಮಾರುವವರು ಹಾಗೆ ಹೇಳುವಂತಿಲ್ಲ. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. ಹತ್ತು ಲಕ್ಷಕ್ಕೆ ಎಷ್ಟು ರೊಟ್ಟಿ ಬಡಿಯಬೇಕು ಅಂತ ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಜಾಹೀರಾತಿನ ಮೆಸೇಜುಗಳದ್ದು ಇನ್ನೊಂದು ಗೋಳು. "ಬೇಗ ಕೊಳ್ಳಿ, 3 ಪ್ಯಾಕ್ ಮಾತ್ರ ಉಳಿದಿವೆ!" ಅಂತ ಬಾಟ್ ತಾನಾಗಿಯೇ ಎಲ್ಲರಿಗೂ ಕಳಿಸುತ್ತಿತ್ತು. ನನ್ನ ನಾದಿನಿ ಅದನ್ನು ಓದಿ ಗಾಬರಿಯಾಗಿ ಅಂಗಡಿಗೇ ಬಂದಳು. ಬಂದು ನೋಡಿದರೆ ಅಟ್ಟದ ಮೇಲೆ ನಾಲ್ಕು ಡಬ್ಬಿ ಹಿಂಡಿ. ಸುಳ್ಳು ಅವಸರ ಹುಟ್ಟಿಸುವುದು 2023ರ ನವೆಂಬರಿನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಆನ್‌ಲೈನಿನಲ್ಲಿ ಗಿರಾಕಿಯ ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಯಲ್ಲಿ ಹೆಸರಿಸಿರುವ 13 ಮೋಸಗಳಲ್ಲಿ ಒಂದು. ಕಂಪನಿಯವರು ಅದನ್ನು "ಸೇಲ್ಸ್ ಬೂಸ್ಟರ್" ಅಂತ ಹೆಸರಿಟ್ಟು, ಮೊದಲೇ ಆನ್ ಮಾಡಿ ಕೊಟ್ಟಿದ್ದರು.

ಆ ಮೆಸೇಜು ಬೇಡ ಅನ್ನುವವರು "ಸ್ಟಾಪ್" ಅಂತ ಇಂಗ್ಲಿಷಿನಲ್ಲೇ ಬರೆಯಬೇಕು. ಅಫಜಲಪುರದ ಒಬ್ಬ ಹಿರಿಯರು "ಬ್ಯಾಡ್ರಿ ಸಾಕು" ಅಂತ ಬರೆದರು. ಬಾಟ್ "ಕ್ಷಮಿಸಿ, ಬ್ಯಾಡಗಿ ಮೆಣಸಿನಕಾಯಿ ಸದ್ಯ ಇಲ್ಲ" ಅಂದಿತು. ಅವರು ಮತ್ತೆ "ಬ್ಯಾಡ ಅಂದ್ನೆಲ್ಲೋ" ಅಂದರು. "ಬಂದ ಕೂಡಲೇ ತಿಳಿಸುತ್ತೇವೆ" ಅಂದಿತು. ಓದಿ ನಗು ತಡೆಯಲಾಗಲಿಲ್ಲ. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಹೇಳುವುದೇನೆಂದರೆ, ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ವಾಪಸ್ ಪಡೆಯಲು ಆಗಬೇಕು. ಒಪ್ಪಿಗೆ ಕೇಳುವ ನೋಟಿಸನ್ನು ಕನ್ನಡದಲ್ಲಿ ಓದುವ ಅವಕಾಶವೂ ಇರಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಕೊಟ್ಟಿದ್ದಾರೆ. ಗಿರಾಕಿಯ ನಂಬರು, ವಿಳಾಸ, ಅಪ್ಪನ ಸಕ್ಕರೆ, ಮಗನ ಅಲರ್ಜಿ, ಇದೆಲ್ಲಾ ಯಾರದೋ ಸರ್ವರಿನಲ್ಲಿ ಕೂತಿದ್ದರೂ ಆ ಕಾಯ್ದೆಯ ಮುಂದೆ ಜವಾಬ್ದಾರಿ ನನ್ನದು. ಬಾಟ್ ಕಂಪನಿ ನನ್ನ ಪರವಾಗಿ ಕೆಲಸ ಮಾಡುವವರು, ಅಷ್ಟೇ. ದತ್ತಾಂಶ ಕಾಯುವುದರಲ್ಲಿ ಸಡಿಲ ಬಿಟ್ಟರೆ ದಂಡ 250 ಕೋಟಿವರೆಗೆ ಹೋಗಬಹುದು. ಅದು ನನ್ನಂಥವರಿಗೆ ಬರೆದ ಅಂಕಿ ಅಲ್ಲ, ಗೊತ್ತು. ಆದರೂ ಸೊನ್ನೆ ಎಣಿಸಿದೆ.

ಅಂತೂ ಕರಾರು ಓದಿದೆ. ಒಂಬತ್ತನೇ ಪುಟದಲ್ಲಿ ಎಲ್ಲಾ ಇತ್ತು. ಉತ್ತರಗಳು ಸರಿ ಇರುತ್ತವೆ ಅಂತ ಕಂಪನಿ ಭರವಸೆ ಕೊಡುವುದಿಲ್ಲ. ನಷ್ಟವಾದರೆ ಹೆಚ್ಚೆಂದರೆ ಒಂದು ತಿಂಗಳ ಬಾಡಿಗೆ ವಾಪಸ್. ತಕರಾರು ಇದ್ದರೆ ಅವರ ಊರಿನ ಕೋರ್ಟು. 2,410ರಲ್ಲಿ 1,499 ಆದರೂ ಕೊಡಿ ಅಂತ ಕೇಳಿದೆ. ನೀವು ಹಳೇ ಕಾಗದ ಹಾಕಿದ್ದು ನಿಮ್ಮ ತಪ್ಪು ಅಂದರು. ಅರ್ಧ ನಿಜ. ಆ ಅರ್ಧಕ್ಕಾದರೂ ಕೊಡಿ ಅಂದೆ. ಕೊಡಲಿಲ್ಲ.

ಮನುಷ್ಯರ ಜೊತೆ ಮಾತಾಡುವ ದಾರಿಯೂ ಮೊದಲು ಇರಲಿಲ್ಲ. ಒಬ್ಬರ ದೂರು ನಾಲ್ಕು ದಿನ ಬಾಟಿನ ಹತ್ತಿರವೇ ಸುತ್ತುತ್ತಿತ್ತು. ಆನ್‌ಲೈನಿನಲ್ಲಿ ಮಾರುವವರು ದೂರು ಬಂದ 48 ಗಂಟೆಯೊಳಗೆ ಬಂತು ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು ಅಂತ 2020ರ ಇ-ಕಾಮರ್ಸ್ ನಿಯಮ ಹೇಳುತ್ತದೆ. ಒಬ್ಬ ದೂರು ಅಧಿಕಾರಿಯನ್ನೂ ಇಡಬೇಕು. ಈಗ ನಮ್ಮ ಅಂಗಡಿಯ ದೂರು ಅಧಿಕಾರಿ ನಾನೇ. ಮನೆಯವರು ಹೊಸ ಹುದ್ದೆಗೆ ಕುರ್ಚಿ ತರಿಸಲಾ ಅಂತ ಕೇಳಿದರು.

ಅರ್ಧ ಸ್ಟಾರ್ ಕಡೆಗೆ ಸಿಕ್ಕ ಒಂದು ಸೆಟ್ಟಿಂಗಿಗೆ. ನಮ್ಮ ಕೌಂಟರಿನಲ್ಲಿ ಅತ್ತೆ ಕೂರುತ್ತಾರೆ. ನಾಲ್ಕನೇ ಕ್ಲಾಸು. ಗೊತ್ತಿಲ್ಲದ್ದನ್ನು ಯಾರಾದರೂ ಕೇಳಿದರೆ "ತಡೀರಿ, ಕೇಳಿ ಹೇಳ್ತೀನಿ" ಅನ್ನುತ್ತಾರೆ. ಬಾಟಿಗೆ ಇದೊಂದು ಬರುತ್ತಿರಲಿಲ್ಲ. ಗೊತ್ತಿಲ್ಲದ್ದನ್ನೂ ಗೊತ್ತಿದ್ದ ಹಾಗೇ ಹೇಳುತ್ತಿತ್ತು. ಸೆಟ್ಟಿಂಗಿನ ಮೂಲೆಯಲ್ಲಿ, ಕೆಲವು ಮಾತು ಬಂದರೆ ನಿಲ್ಲು ಅಂತ ಹೇಳುವ ಜಾಗ ಇದೆ. ಉಚಿತ, ವಾಪಸ್, ಮುರಿದ, ಕಾಯಿಲೆ, ಅಲರ್ಜಿ, ಆಗಲ್ಲ, ಬ್ಯಾಡ. ಈ ಏಳರಲ್ಲಿ ಯಾವುದು ಬಂದರೂ ಈಗ "ಕೇಳಿ ಬೆಳಿಗ್ಗೆ ಹೇಳ್ತೀವಿ" ಅಂತ ಬರೆದು ಸುಮ್ಮನಾಗುತ್ತದೆ. ಹಳೇ ಫೋಲ್ಡರ್ ತೆಗೆದು ಒಂದೇ ಪುಟದ ರೇಟ್ ಪಟ್ಟಿ ಇಟ್ಟಿದ್ದೇನೆ. ಡೆಮೊ ಹುಡುಗ ಇದನ್ನು ಮೊದಲ ದಿನವೇ ತೋರಿಸಿದ್ದರೆ ಮೂರೂವರೆ ಕೊಡುತ್ತಿದ್ದೆ.

ಮುಂದಿನ ತಿಂಗಳ ದುಡ್ಡು ಕಟ್ಟಿದ್ದೇನೆ. ವರ್ಷದ್ದು ಒಟ್ಟಿಗೆ ಕಟ್ಟಿದರೆ ಎರಡು ತಿಂಗಳು ಉಚಿತ ಅಂತ ನಿನ್ನೆ ರಾತ್ರಿ ಮೆಸೇಜು ಬಂದಿದೆ. ಹೇಳಿದ್ದು ಅವರ ಬಾಟ್. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಿದ್ದೇನೆ.